ಬಾಡಿಗೆದಾರನ ಬಾಡಿಗೆದಾರ

ಕಾಡುಗೋಡಿ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಹೊರಗೆ ಬನ್ನಿ. ನೇರಳೆ ಮಾರ್ಗದ ಕೊನೆಯ ನಿಲ್ದಾಣ ಅದು, 2023ರ ಮಾರ್ಚ್‌ನಲ್ಲಿ ಶುರುವಾಗಿದ್ದು. ಹೊರಗೆ ಕಾಲಿಟ್ಟ ತಕ್ಷಣ ಕಣ್ಣಿಗೆ ಬೀಳೋದು ಬೋರ್ಡುಗಳು. ಲೇಡೀಸ್ ಪಿಜಿ, ಜೆಂಟ್ಸ್ ಪಿಜಿ, ಟೂ ಶೇರಿಂಗ್, ತ್ರೀ ಶೇರಿಂಗ್, ಮನೆ ಬಾಡಿಗೆಗಿದೆ, ಮನೆ ಭೋಗ್ಯಕ್ಕಿದೆ. ಬೆಳತೂರು, ಚನ್ನಸಂದ್ರ, ಸೀಗೇಹಳ್ಳಿ, ದಿಣ್ಣೂರು, ಯಾವ ಕಡೆ ತಿರುಗಿದರೂ ಇದೇ. ಪ್ರತಿ ಬೋರ್ಡಿನ ಕೆಳಗೂ ಒಂದು ಫೋನ್ ನಂಬರ್. ಆ ನಂಬರ್ ಯಾರದ್ದು? ಕಟ್ಟಡದ ಮಾಲೀಕರದ್ದೇ ಇರಬೇಕು ಅಂತ ನೀವು ಅಂದುಕೊಂಡರೆ, ಎಷ್ಟೋ ಸಲ ಅದು ನಿಜವಲ್ಲ.

ಒಂದು ಐದಂತಸ್ತಿನ ಕಟ್ಟಡ ಅಂತ ಇಟ್ಟುಕೊಳ್ಳಿ. ಜಾಗ ಊರಿನ ಹಳೇ ಕುಟುಂಬದ್ದು. ಒಂದು ಕಾಲಕ್ಕೆ ಅಲ್ಲಿ ರಾಗಿ ಬೆಳೆಯುತ್ತಿದ್ದರು, ಈಗ ಸಾಲ ಮಾಡಿ ಕಟ್ಟಡ ಎಬ್ಬಿಸಿದ್ದಾರೆ. ಇಡೀ ಕಟ್ಟಡವನ್ನು ಒಬ್ಬ ಪಿಜಿ ನಡೆಸುವವನು ತಿಂಗಳ ಬಾಡಿಗೆಗೆ ಹಿಡಿದಿದ್ದಾನೆ. ಅವನು ಕೆಳಗಿನ ಮಳಿಗೆಯನ್ನು ಬೇಕರಿಯವರಿಗೆ ಕೊಟ್ಟಿದ್ದಾನೆ, ಎರಡು ಮಹಡಿಯನ್ನು ಇನ್ನೊಬ್ಬರಿಗೆ ವಹಿಸಿದ್ದಾನೆ. ಆ ಇನ್ನೊಬ್ಬರು ಒಂದೊಂದು ಮಂಚಕ್ಕೆ ಒಬ್ಬೊಬ್ಬ ಹುಡುಗಿಯನ್ನು ಸೇರಿಸಿಕೊಂಡಿದ್ದಾರೆ. ಆ ಹುಡುಗಿ ರಾಯಚೂರಿನಿಂದಲೋ ಗೋರಖ್‌ಪುರದಿಂದಲೋ ಬಂದವಳು. ಅವಳಿಗೆ ಮ್ಯಾನೇಜರ್ ಗೊತ್ತು, ಅಡುಗೆಯವರು ಗೊತ್ತು, ವೈಫೈ ಪಾಸ್‌ವರ್ಡ್ ಗೊತ್ತು. ಓನರ್ ಯಾರು ಅಂತ ಗೊತ್ತಿಲ್ಲ. ಓನರಿಗೆ ಇವಳು ಯಾರು ಅಂತಲೂ ಗೊತ್ತಿಲ್ಲ.

ಈಗ ಪ್ರಶ್ನೆ. ಬಾಡಿಗೆಗೆ ಬಂದವನು ಓನರನ್ನು ಕೇಳದೆ ಜಾಗವನ್ನು ಮತ್ತೊಬ್ಬರಿಗೆ ಕೊಡಬಹುದಾ? ಹತ್ತು ಜನರನ್ನು ಕೇಳಿ ನೋಡಿ. ಹತ್ತೂ ಜನ ಹೇಳೋದು ಒಂದೇ: ಛೆ, ಎಲ್ಲಾದ್ರೂ ಉಂಟೇ, ಅದು ಕಾನೂನುಬಾಹಿರ. ಆದರೆ ಕಾನೂನು ಪುಸ್ತಕ ತೆರೆದರೆ ಉತ್ತರ ಬೇರೆ. ಆಸ್ತಿ ವರ್ಗಾವಣೆ ಕಾಯ್ದೆ, ವಕೀಲರ ಬಾಯಲ್ಲಿ ಟಿ.ಪಿ. ಆಕ್ಟ್, 1882ನೇ ಇಸವಿಯದ್ದು. ಅದರ 108ನೇ ಸೆಕ್ಷನ್ನಿನ ‘ಜೆ’ ಭಾಗ ಹೇಳೋದು ಇಷ್ಟು: ಬೇರೆ ಒಪ್ಪಂದವಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದರೆ, ಬಾಡಿಗೆದಾರ ತನ್ನ ಹಕ್ಕನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ವರ್ಗಾಯಿಸಬಹುದು, ಅಡಮಾನ ಇಡಬಹುದು, ಒಳಬಾಡಿಗೆಗೆ ಕೊಡಬಹುದು. ಕೊಟ್ಟ ಮೇಲೂ ಓನರಿಗೆ ಬಾಡಿಗೆ ಕಟ್ಟುವ ಹೊಣೆ ಮಾತ್ರ ಅವನ ಹೆಗಲಿಂದ ಇಳಿಯೋದಿಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ನಮ್ಮ ಭಾಷೆಯಲ್ಲಿ ಇದಕ್ಕೆ ಡಿಫಾಲ್ಟ್ ಸೆಟ್ಟಿಂಗ್ ಅಂತೀವಿ. ಹೊಸ ಫೋನ್ ತಂದು ನೀವು ಏನನ್ನೂ ಮುಟ್ಟದಿದ್ದರೆ ಅದು ಹೇಗೆ ನಡೆಯುತ್ತೋ ಅದೇ ಡಿಫಾಲ್ಟ್. ಕಾನೂನಿಗೂ ಹಾಗೇ. ಕರಾರು ಪತ್ರ ಬಾಯಿ ಮುಚ್ಚಿಕೊಂಡಿದ್ದರೆ ಯಾರ ಮಾತು ನಡೆಯಬೇಕು? 1882ರ ಕಾಯ್ದೆ ಹೇಳಿತು, ಬಾಡಿಗೆದಾರನದ್ದು. ಮುಂದಿನ 140 ವರ್ಷದಲ್ಲಿ ನಮ್ಮ ರಾಜ್ಯದಲ್ಲಿ ಈ ಸೆಟ್ಟಿಂಗ್ ಒಮ್ಮೆ ತಲೆಕೆಳಗಾಗಿ, ಆಮೇಲೆ ಹೆಚ್ಚಿನ ಜನರ ಪಾಲಿಗೆ ಸದ್ದಿಲ್ಲದೆ ವಾಪಸ್ ಹಳೇ ಜಾಗಕ್ಕೇ ಬಂದಿದೆ. ಆ ವಾಪಸ್ ಬಂದಿದ್ದು ಓನರುಗಳಿಗೂ ಗೊತ್ತಾಗಿಲ್ಲ, ಬಾಡಿಗೆದಾರರಿಗೂ ಗೊತ್ತಾಗಿಲ್ಲ.

1882 ಅಂದರೆ ಕಾಡುಗೋಡಿ ಸುತ್ತಮುತ್ತ ಏನಿತ್ತು? ರೈಲಿತ್ತು. ಬೆಂಗಳೂರಿಂದ ಜೋಲಾರಪೇಟೆಗೆ ಹೋಗುವ ಹಳಿ 1864ರಲ್ಲೇ ಬಂದಿತ್ತು. ಇವತ್ತು ವೈಟ್‌ಫೀಲ್ಡ್ ಅಂತ ಕರೆಯೋ ರೈಲು ನಿಲ್ದಾಣ ಇರೋದು ಕಾಡುಗೋಡಿಯಲ್ಲೇ. ಇನ್ನು ವೈಟ್‌ಫೀಲ್ಡ್ ಅನ್ನೋ ಊರು ಹುಟ್ಟಿದ್ದು ಸರಿಯಾಗಿ ಅದೇ 1882ರಲ್ಲಿ. ಹತ್ತನೇ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಜಮೀನು ಕೊಟ್ಟರು, ಬೇಸಾಯ ಮಾಡಿಕೊಂಡು ನೆಲೆಯೂರಲಿ ಅಂತ. ಸಂಘದ ನಾಯಕ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಒಂದು ಮಾತು ನೆನಪಿಡಿ, ಕಾಯ್ದೆ ಬ್ರಿಟಿಷ್ ಇಂಡಿಯಾದ್ದು. ಮೈಸೂರು ಆಗ ಬೇರೆ ಸಂಸ್ಥಾನ, ಹಾಗಾಗಿ ಅದು ಆ ವರ್ಷವೇ ಇಲ್ಲಿಗೆ ಬರಲಿಲ್ಲ. ಊರು ಮೊದಲು ಬಂತು, ಕಾನೂನು ಆಮೇಲೆ ಬಂತು.

ಬ್ರಿಟಿಷರು ಯಾಕೆ ಬಾಡಿಗೆದಾರನ ಪರ ಡಿಫಾಲ್ಟ್ ಇಟ್ಟರು? ಅವರ ಊರಿನ ಪದ್ಧತಿ ಹಾಗಿತ್ತು. ಇಂಗ್ಲೆಂಡಿನಲ್ಲಿ ಲೀಸ್ ಅಂದರೆ ಅದೂ ಒಂದು ಆಸ್ತಿ. 99 ವರ್ಷದ ಲೀಸ್ ಹಿಡಿದವನು ಅದನ್ನು ಮಾರಬಹುದು, ಮಕ್ಕಳಿಗೆ ಬಿಟ್ಟು ಹೋಗಬಹುದು, ಬ್ಯಾಂಕಿಗೆ ಅಡ ಇಡಬಹುದು. ಬೇಡ ಅನ್ನೋ ಓನರ್ ಕರಾರಿನಲ್ಲೇ ಬರೆದುಕೊಳ್ಳಬೇಕು. ಹಾಗೆ ಬರೆಯೋದಕ್ಕೆ ನಮ್ಮ ಕಾಯ್ದೆಯೂ ದಾರಿ ಬಿಟ್ಟಿದೆ. ಸಾಮಾನ್ಯವಾಗಿ, ಆಸ್ತಿ ಕೊಟ್ಟು ಇದನ್ನು ಯಾರಿಗೂ ಮಾರಕೂಡದು ಅಂತ ಷರತ್ತು ಹಾಕಿದರೆ ಆ ಷರತ್ತು ನಿಲ್ಲೋದಿಲ್ಲ. ಆದರೆ ಲೀಸಿನಲ್ಲಿ ಓನರ್ ತನ್ನ ಹಿತಕ್ಕಾಗಿ ಹಾಕಿದ ಷರತ್ತು ನಿಲ್ಲುತ್ತೆ ಅಂತ ಅದೇ ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತೆ. ಇಂಗ್ಲೆಂಡಿನವರು ಮುಂದೆ ಇನ್ನೊಂದು ಹೆಜ್ಜೆ ಹೋದರು. ಓನರ್ ಒಪ್ಪಿಗೆ ಇಲ್ಲದೆ ಕೊಡಕೂಡದು ಅಂತ ಬರೆದಿದ್ದರೆ, ಆ ಒಪ್ಪಿಗೆಯನ್ನು ಕಾರಣವಿಲ್ಲದೆ ತಡೆಹಿಡಿಯುವಂತಿಲ್ಲ ಅಂತ 1927ರಲ್ಲಿ ಕಾನೂನು ಮಾಡಿದರು. ಆ ಹೆಜ್ಜೆಯನ್ನು ನಾವು ಇಡಲಿಲ್ಲ. ನಮ್ಮಲ್ಲಿ ಓನರ್ ಬೇಡ ಅಂದರೆ ಬೇಡ. ಕಾರಣ ಕೇಳೋ ಹಾಗಿಲ್ಲ.

ಹಾಗಂತ ಇದೆಲ್ಲ ಬ್ರಿಟಿಷರು ಬಂದು ಕಲಿಸಿದ ವಿದ್ಯೆ ಅಂದುಕೊಳ್ಳಬೇಡಿ. ಕರಾವಳಿಯ ವೀಕ್ಷಕರು ಇಷ್ಟು ಹೊತ್ತಿಗೆ ನಗುತ್ತಿರಬೇಕು. ಚಾಲಗೇಣಿ, ವಾಯಿದೆಗೇಣಿ, ಮೂಲಗೇಣಿ, ಇವೆಲ್ಲ ಅವರ ಮನೆಮಾತು. ಚಾಲಗೇಣಿಯವನು ಧಣಿ ಇರಿಸಿಕೊಂಡಷ್ಟು ದಿನ ಇರೋನು. ವಾಯಿದೆಗೇಣಿಗೆ ಅವಧಿ ಇದೆ. ಮೂಲಗೇಣಿ ಅಂದರೆ ಶಾಶ್ವತ: ಗೇಣಿ ಕಟ್ಟುತ್ತಾ ಇರೋವರೆಗೂ ತಲೆತಲಾಂತರಕ್ಕೆ ಅವನೇ. 1801ರಲ್ಲಿ ಈ ಕಡೆ ಓಡಾಡಿದ ಫ್ರಾನ್ಸಿಸ್ ಬುಕಾನನ್ ಕೂಡ ಮೂಲಗೇಣಿಯವರನ್ನೂ ಚಾಲಗೇಣಿಯವರನ್ನೂ ಬೇರೆ ಬೇರೆಯಾಗಿ ಗುರುತಿಸಿ ಬರೆದುಕೊಂಡಿದ್ದಾನೆ. ಪತ್ರದಲ್ಲಿ ಏನು ಬರೆದಿದೆ ಅನ್ನೋದೇ ಅಲ್ಲಿ ಮುಖ್ಯ ಜಗಳ. ಮಂಗಳೂರು, ಉಡುಪಿ ಪೇಟೆಯೊಳಗಿನ ಮೂಲಗೇಣಿ ಜಾಗಗಳ ವ್ಯಾಜ್ಯ ಎಷ್ಟು ಬೆಳೆಯಿತು ಅಂದರೆ, ಮೂಲಗೇಣಿದಾರರಿಗೆ ಒಡೆತನ ಕೊಡೋಕೆ ಅಂತಲೇ 2011ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು.

ಹೊಲಗದ್ದೆಯ ವಿಚಾರದಲ್ಲಿ ಕರ್ನಾಟಕ ಅದಕ್ಕೂ ಮುಂಚೆಯೇ ಕಡ್ಡಿ ತುಂಡು ಮಾಡಿದ ಹಾಗೆ ತೀರ್ಮಾನ ಮಾಡಿತ್ತು. 1961ರ ಭೂಸುಧಾರಣಾ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಗೇಣಿದಾರ ಜಮೀನನ್ನು ಒಳಗೇಣಿಗೆ ಕೊಡುವಂತಿಲ್ಲ, ಹಕ್ಕನ್ನು ಬೇರೆಯವರಿಗೆ ವಹಿಸುವಂತಿಲ್ಲ. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು, 7ನೇ ನಮೂನೆ ಅರ್ಜಿ ಹಾಕಿದ ಗೇಣಿದಾರನಿಗೆ ಒಡೆತನ ಬಂತು. ಒಳಗೇಣಿ ನಿಷೇಧ ಎಷ್ಟು ಗಟ್ಟಿ ಅನ್ನೋದಕ್ಕೆ ಜಮಖಂಡಿಯಿಂದ ಹೋದ ಒಂದು ಕೇಸು ಸಾಕು. ಗೇಣಿದಾರನೊಬ್ಬ ತನ್ನ ಗೇಣಿ ಹಕ್ಕನ್ನು ಉಯಿಲು ಬರೆದಿಟ್ಟು ಸತ್ತ. ಉಯಿಲು ಅಂದರೆ ಮಾರಾಟ ಅಲ್ಲ, ದುಡ್ಡು ಕೈ ಬದಲಾಗಿಲ್ಲ. ಆದರೂ 1998ರಲ್ಲಿ ಸುಪ್ರೀಂ ಕೋರ್ಟ್, ಹೊರಗಿನವರಿಗೆ ಉಯಿಲು ಬರೆಯೋದೂ ಹಕ್ಕನ್ನು ವಹಿಸಿಕೊಟ್ಟ ಹಾಗೇನೇ, ಅದು ನಡೆಯೋದಿಲ್ಲ ಅಂದಿತು. ಸತ್ತವನೂ ಒಳಗೇಣಿ ಕೊಡೋ ಹಾಗಿಲ್ಲ!

ಪೇಟೆ ಕಥೆ ಬೇರೆ. ಅಲ್ಲಿ ಡಿಫಾಲ್ಟ್ ತಲೆಕೆಳಗಾಗಿದ್ದು ಯುದ್ಧದ ದೆಸೆಯಿಂದ.

ಮೊದಲ ಮಹಾಯುದ್ಧ ಮುಗಿಯೋ ಹೊತ್ತಿಗೆ, 1918ರಲ್ಲಿ, ಬಾಂಬೆಯಲ್ಲಿ ಬಾಡಿಗೆ ನಿಯಂತ್ರಣದ ಕಾನೂನು ಬಂತು. ಮನೆ ಕಡಿಮೆ, ಜನ ಜಾಸ್ತಿ, ಓನರುಗಳು ಕೇಳಿದ್ದೇ ರೇಟು. ಎರಡನೇ ಯುದ್ಧದಲ್ಲಿ ಬೆಂಗಳೂರಿಗೂ ಅದೇ ಗತಿ. ಕಂಟೋನ್ಮೆಂಟಿಗೆ ಸೈನಿಕರು ತುಂಬಿಕೊಂಡರು, 1940ರಲ್ಲಿ ವಿಮಾನ ಕಾರ್ಖಾನೆ ಶುರುವಾಗಿ ಸಾವಿರಾರು ಕಾರ್ಮಿಕರು ಬಂದರು. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ರಾಜ್ಯ 1951ರಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆ ಮಾಡಿತು, ಅದರ ಜಾಗಕ್ಕೆ 1961ರ ಕಾಯ್ದೆ ಬಂತು. ಹಿರಿಯ ವೀಕ್ಷಕರಿಗೆ ‘ರೆಂಟ್ ಕಂಟ್ರೋಲ್’ ಅಂದರೆ ಈ 1961ರದ್ದೇ.

ಈ ಕಾಯ್ದೆಗಳು ಬಾಡಿಗೆದಾರನ ಪರ ಅಂತ ಎಲ್ಲರೂ ಹೇಳ್ತಾರೆ, ಹೌದು. ಬಾಡಿಗೆ ಬೇಕಾಬಿಟ್ಟಿ ಏರಿಸೋ ಹಾಗಿಲ್ಲ, ಪಟ್ಟಿ ಮಾಡಿದ ಕಾರಣ ಇಲ್ಲದೆ ಬಿಡಿಸೋ ಹಾಗಿಲ್ಲ. ಆದರೆ ಒಂದು ವಿಚಾರದಲ್ಲಿ ಮಾತ್ರ ಅದು ಬಾಡಿಗೆದಾರನ ಕೈ ಕಟ್ಟಿ ಹಾಕಿತು. 23ನೇ ಸೆಕ್ಷನ್: ಕರಾರಿನಲ್ಲಿ ಅನುಮತಿ ಬರೆದಿಲ್ಲದಿದ್ದರೆ ಒಳಬಾಡಿಗೆ ಕೊಡೋದು, ಹಕ್ಕು ವರ್ಗಾಯಿಸೋದು ಕಾನೂನುಬಾಹಿರ. 21ನೇ ಸೆಕ್ಷನ್ನಿನಲ್ಲಿ ಅದೇ ಬಿಡಿಸೋದಕ್ಕೂ ಒಂದು ಕಾರಣ. ಅಂದರೆ 1882ರಲ್ಲಿ ಕರಾರಿನ ಮೌನಕ್ಕೆ ‘ಆಗಬಹುದು’ ಅಂತ ಅರ್ಥ ಇತ್ತು. 1961ರಲ್ಲಿ ಅದೇ ಮೌನಕ್ಕೆ ‘ಕೂಡದು’ ಅಂತ ಅರ್ಥ ಬಂತು. ನಮ್ಮ ಹತ್ತು ಜನ ‘ಅದು ಕಾನೂನುಬಾಹಿರ’ ಅಂದರಲ್ಲ, ಅವರ ತಲೆಯಲ್ಲಿ ಕೂತಿರೋದು ಈ 1961ರ ಕಾನೂನು. ಅಪ್ಪ ಅಮ್ಮನ ಕಾಲದಿಂದ ಬಂದ ತಿಳಿವಳಿಕೆ.

ಬಾಡಿಗೆದಾರನ ಪರ ಇದ್ದ ಕಾಯ್ದೆ ಹೀಗ್ಯಾಕೆ ಮಾಡಿತು? ಲೆಕ್ಕ ಸರಳ. ಉದಾಹರಣೆಗೆ, ಚಿಕ್ಕಪೇಟೆಯ ಒಂದು ಮಳಿಗೆಗೆ ಕಾನೂನಿನ ಬಾಡಿಗೆ 40 ರೂಪಾಯಿ, ಮಾರುಕಟ್ಟೆ ಬಾಡಿಗೆ 400 ಅಂತ ಇಟ್ಟುಕೊಳ್ಳಿ. ಬಾಡಿಗೆದಾರ ಸುಮ್ಮನೆ ಮನೆಯಲ್ಲಿ ಕೂತು, ಮಳಿಗೆಯನ್ನು 400ಕ್ಕೆ ಒಳಬಾಡಿಗೆಗೆ ಕೊಟ್ಟರೆ ತಿಂಗಳಿಗೆ 360 ಲಾಭ. ನೆರಳಿಗೆ ಅಂತ ಕೊಟ್ಟ ಛತ್ರಿಯನ್ನು ಅವನು ಬಾಡಿಗೆಗೆ ಬಿಟ್ಟ ಹಾಗೆ. ಕಾಯ್ದೆ ರಕ್ಷಣೆ ಕೊಟ್ಟಿದ್ದು ಇರೋದಕ್ಕೆ, ವ್ಯಾಪಾರ ಮಾಡೋದಕ್ಕಲ್ಲ. ನನ್ನ ಪ್ರಕಾರ ಈ ವಾದದಲ್ಲಿ ನ್ಯಾಯ ಇದೆ.

ಆ ಅಂತರದ ದುಡ್ಡು ಯಾರಿಗೆ ಅನ್ನೋ ಜಗಳ ಅತಿ ಜೋರಾಗಿ ನಡೆದಿದ್ದು ಬಾಂಬೆಯಲ್ಲಿ, ಅದರ ನಡುವೆ ನಮ್ಮವರೂ ಇದ್ದರು. ಉಡುಪಿ, ಕುಂದಾಪುರದ ಕಡೆಯಿಂದ ಹೋಗಿ ಹೋಟೆಲ್ ಇಟ್ಟವರು ಎಷ್ಟೋ ಜನ ಕೂತಿದ್ದು ಪಗಡಿ ಜಾಗದಲ್ಲಿ. ಪಗಡಿ ಅಂದರೆ ಹಳೇ ಬಾಡಿಗೆದಾರನಿಗೆ ದೊಡ್ಡ ಗಂಟು ಕೊಟ್ಟು ಅವನ ಬಾಡಿಗೆದಾರಿಕೆಯನ್ನೇ ಕೊಳ್ಳೋದು, ಅದರಲ್ಲಿ ಓನರಿಗೂ ಒಂದು ಪಾಲು. 1947ರ ಬಾಂಬೆ ಕಾನೂನು ಒಳಬಾಡಿಗೆ ನಿಷೇಧಿಸಿತ್ತು. ಜನ ಕೇಳಬೇಕಲ್ಲ? 1959ರ ಹೊತ್ತಿಗೆ ಒಳಬಾಡಿಗೆಯವರ ಸಂಖ್ಯೆ ಎಷ್ಟಾಗಿತ್ತು ಅಂದರೆ ಸರ್ಕಾರವೇ ಸೋತು, ಆ ವರ್ಷದ ಮೇ 21ಕ್ಕೆ ಮುಂಚೆ ಜಾಗದಲ್ಲಿ ಇದ್ದವರನ್ನೆಲ್ಲ ಸಕ್ರಮ ಮಾಡಿತು. ಅಕ್ರಮ ಸಕ್ರಮ ನಮ್ಮ ಬೆಂಗಳೂರಿನವರ ಪೇಟೆಂಟ್ ಅಂದುಕೊಂಡಿದ್ದಿರಾ! ಕೊನೆಗೆ ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆ, ಬಾಡಿಗೆದಾರಿಕೆ ಬಿಟ್ಟುಕೊಡೋದಕ್ಕೂ ವರ್ಗಾಯಿಸೋದಕ್ಕೂ ದುಡ್ಡು ಪಡೆಯಬಹುದು ಅಂತ ಪಗಡಿಗೇ ಕಾನೂನಿನ ಮುದ್ರೆ ಒತ್ತಿತು.

ಒಳಬಾಡಿಗೆ ಅಂತ ಹೇಳದೆ ಒಳಬಾಡಿಗೆ ಕೊಡೋ ದಾರಿಗಳೂ ಹುಟ್ಟಿಕೊಂಡವು. ಹೋಟೆಲನ್ನು ‘ಕಂಡಕ್ಟಿಂಗ್’ಗೆ ಕೊಟ್ಟಿದ್ದೀನಿ ಅನ್ನೋದು ಒಂದು. ಪಾರ್ಟ್‌ನರ್ ಮಾಡಿಕೊಂಡಿದ್ದೀನಿ ಅನ್ನೋದು ಇನ್ನೊಂದು. ಪೇಪರಿನಲ್ಲಿ ಪಾಲುದಾರಿಕೆ, ಆದರೆ ಬೀಗದ ಕೈ, ಗಲ್ಲಾಪೆಟ್ಟಿಗೆ ಎಲ್ಲ ಹೊಸಬನ ಹತ್ತಿರ. ಕೋರ್ಟುಗಳು ಇದನ್ನು ಬೇಗನೇ ಕಂಡುಕೊಂಡವು. ಒಳಬಾಡಿಗೆ ಅನ್ನೋದು ಓನರಿನ ಬೆನ್ನ ಹಿಂದೆ ನಡೆಯೋ ವ್ಯವಹಾರ, ಅದಕ್ಕೆ ರಸೀದಿ ತೋರಿಸು ಅಂದರೆ ಎಲ್ಲಿಂದ ತರೋದು? ಹಾಗಾಗಿ ಜಾಗ ಪೂರ್ತಿ ಮೂರನೆಯವನ ಸ್ವಾಧೀನದಲ್ಲಿದೆ ಅಂತ ಓನರ್ ತೋರಿಸಿದರೆ, ದುಡ್ಡು ಕೈ ಬದಲಾಗಿದೆ ಅಂತ ಊಹಿಸಬಹುದು ಅಂತ ಸುಪ್ರೀಂ ಕೋರ್ಟ್ 1998ರಲ್ಲಿ, ಎಲ್‌ಐಸಿ ಓನರ್ ಆಗಿದ್ದ ಒಂದು ಕೇಸಿನಲ್ಲಿ ಹೇಳಿತು. 2004ರಲ್ಲಿ ಪಾಲುದಾರಿಕೆಯ ಮುಸುಕನ್ನೂ ಎತ್ತಿ ನೋಡಬಹುದು ಅಂದಿತು.

ಈಗ ವಾಪಸ್ ಕಾಡುಗೋಡಿಗೆ. 1961ರಲ್ಲಿ ಅದು ಹಳ್ಳಿ. ಬಾಡಿಗೆ ಕಾನೂನಿನ ತಲೆಬಿಸಿ ಅಲ್ಲಿಗೆ ಇರಲಿಲ್ಲ. ಸತ್ಯಸಾಯಿ ಬಾಬಾ ಅವರ ಬೃಂದಾವನ ಇತ್ತು, ರೈಲು ಇತ್ತು, ಹೊಲ ಇತ್ತು. ಆಮೇಲೆ ಕೈಗಾರಿಕೆ ಬಂತು. ಕೆಐಎಡಿಬಿ ಕಾರ್ಖಾನೆಗೆ ನಿವೇಶನ ಕೊಡೋ ರೀತಿ ನೋಡಿ: ಲೀಸ್ ಕಮ್ ಸೇಲ್. ಮೊದಲು ಲೀಸ್, ಷರತ್ತು ಪೂರೈಸಿದರೆ ಕ್ರಯಪತ್ರ. ಅಲ್ಲಿಯವರೆಗೆ ಮಂಡಳಿಯ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಅಂತ ಪತ್ರದಲ್ಲೇ ಸ್ಪಷ್ಟ. ಸರ್ಕಾರ ಓನರ್ ಆದಾಗ ಮೌನಕ್ಕೆ ಜಾಗವನ್ನೇ ಬಿಡೋದಿಲ್ಲ. 90ರ ದಶಕದ ಕೊನೆಗೆ ಐಟಿಪಿಎಲ್ ಬಂತು, 2007ರಲ್ಲಿ ಬಿಬಿಎಂಪಿ ಬಂತು, ಕಾಡುಗೋಡಿ ನಗರದೊಳಗೆ ಸೇರಿತು.

ಅಷ್ಟರಲ್ಲಿ ಕಾನೂನು ಮತ್ತೆ ಬದಲಾಗಿತ್ತು. ಕರ್ನಾಟಕ ಬಾಡಿಗೆ ಕಾಯ್ದೆ, ಹೆಸರಿನಲ್ಲಿ 1999, ಜಾರಿಗೆ ಬಂದಿದ್ದು 2001ರ ಡಿಸೆಂಬರ್ 31ಕ್ಕೆ. ಇದರಲ್ಲೂ ಒಳಬಾಡಿಗೆಗೆ ಓನರಿನ ಲಿಖಿತ ಒಪ್ಪಿಗೆ ಮೊದಲೇ ಬೇಕು, ಇಲ್ಲದಿದ್ದರೆ ಬಿಡಿಸಬಹುದು. ಸರಿ, ಹಾಗಾದರೆ 1961ರ ಹಾಗೇ ಆಯಿತಲ್ಲ ಅಂತೀರಿ. ಇಲ್ಲೇ ಇರೋದು ಗಮ್ಮತ್ತು. ಈ ಕಾಯ್ದೆ ಯಾರಿಗೆ ಅನ್ವಯ ಆಗೋದಿಲ್ಲ ಅನ್ನೋ ಪಟ್ಟಿ ನೋಡಿ. ಬೆಂಗಳೂರಿನಂಥ ದೊಡ್ಡ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆ ಇದ್ದರೆ ಅನ್ವಯ ಇಲ್ಲ. ಬೇರೆ ಊರುಗಳಲ್ಲಿ 2,000. ವ್ಯಾಪಾರದ ಮಳಿಗೆ 14 ಚದರ ಮೀಟರಿಗಿಂತ, ಅಂದರೆ ಹೆಚ್ಚುಕಡಿಮೆ 150 ಚದರ ಅಡಿಗಿಂತ ದೊಡ್ಡದಿದ್ದರೂ ಅನ್ವಯ ಇಲ್ಲ.

ಇವತ್ತು ಕಾಡುಗೋಡಿಯಲ್ಲಿ 3,500ಕ್ಕೆ ಒಂದು ಬೆಡ್‌ರೂಮಿನ ಮನೆ ತೋರಿಸಿ ನೋಡೋಣ! ಶೀಟಿನ ಮನೆ, ಕೂಲಿಯವರ ಶೆಡ್ಡು, ಅಲ್ಲೆಲ್ಲೋ ಸಿಗಬಹುದು. ಕಾಯ್ದೆಯ ನೆರಳು ಉಳಿದಿರೋದು ಅವರ ಮೇಲೆ ಮಾತ್ರ, ಅವರ ಹತ್ತಿರ ಕರಾರು ಪತ್ರವೇ ಇರೋದಿಲ್ಲ. ಉಳಿದ ಫ್ಲ್ಯಾಟು, ಪಿಜಿ ಕಟ್ಟಡ, ಬೇಕರಿ, ಮೆಡಿಕಲ್ ಸ್ಟೋರ್ ಎಲ್ಲವೂ ಬಾಡಿಗೆ ಕಾಯ್ದೆಯಿಂದ ಆಚೆ. ಆಚೆ ಹೋದರೆ ಎಲ್ಲಿಗೆ ಹೋಗೋದು? ಸೀದಾ 1882ಕ್ಕೆ. ಮೆಟ್ರೋ ಪಕ್ಕದ ಫ್ಲ್ಯಾಟಿನ ಬಾಡಿಗೆಯನ್ನು ಆಳುತ್ತಿರೋದು ರಾಣಿ ವಿಕ್ಟೋರಿಯಾ ಕಾಲದ ಕಾಯ್ದೆ, ಕರಾರಿನ ಮೌನಕ್ಕೆ ಮತ್ತೆ ‘ಆಗಬಹುದು’ ಅಂತಲೇ ಅರ್ಥ. ಈ ಬದಲಾವಣೆಗೆ ವಿಧಾನಸೌಧದ ಮುಂದೆ ಒಂದು ಧರಣಿ ಆಗಬೇಕಿರಲಿಲ್ಲ, ಒಂದು ತಿದ್ದುಪಡಿಯೂ ಬೇಕಾಗಲಿಲ್ಲ. ಬಾಡಿಗೆ ಏರುತ್ತಾ ಹೋಯಿತು, 3,500 ಅಲ್ಲೇ ನಿಂತಿತ್ತು, ಅಷ್ಟೇ.

ಹೀಗಾಗಿ ಎಲ್ಲ ಭಾರವೂ ಬಿದ್ದಿರೋದು 11 ತಿಂಗಳ ಕರಾರು ಪತ್ರದ ಮೇಲೆ. ಒಂದು ವರ್ಷ ದಾಟಿದ ಲೀಸ್ ನೋಂದಣಿ ಮಾಡಿಸಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳೋದರಿಂದ ಈ 11ರ ಸಂಪ್ರದಾಯ. ಛಾಪಾ ಕಾಗದದ ಮೇಲೆ ಟೈಪಿಂಗ್ ಅಂಗಡಿಯವರು ಹಳೇ ಫೈಲಿನಲ್ಲಿ ಹೆಸರು ಬದಲಾಯಿಸಿ ಪ್ರಿಂಟ್ ಕೊಡ್ತಾರೆ. ಎರಡು ಕಡೆಯವರೂ ಓದೋದು ಮೂರು ಸಾಲು: ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಖಾಲಿ ಮಾಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯೋದು. ಒಳಬಾಡಿಗೆ ಕೊಡತಕ್ಕದ್ದಲ್ಲ ಅನ್ನೋ ಸಾಲು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೂ ಅಷ್ಟೇ ಸಾಲದು. ಆ ಷರತ್ತು ಮುರಿದರೆ ಓನರ್ ಜಾಗ ವಾಪಸ್ ತಗೋಬಹುದು ಅಂತಲೂ ಬರೆದಿದ್ದರೇನೇ 111ನೇ ಸೆಕ್ಷನ್ನಿನ ಪ್ರಕಾರ ಲೀಸ್ ಮುಟ್ಟುಗೋಲಾಗೋದು, ಅದಕ್ಕೂ ಲಿಖಿತ ನೋಟಿಸ್ ಕೊಡಬೇಕು. ತಿಂಗಳ ಬಾಡಿಗೆಯಾದರೆ ಓನರಿಗೆ ಇನ್ನೊಂದು ದಾರಿ ಇದ್ದೇ ಇದೆ. ಕಾರಣವನ್ನೇ ಹೇಳದೆ 15 ದಿನದ ನೋಟಿಸ್ ಕೊಟ್ಟು ಬಾಡಿಗೆದಾರಿಕೆ ಮುಗಿಸೋದು.

ಓನರಿಗೆ ದಾರಿ ಇದೆ, ಮೊದಲ ಬಾಡಿಗೆದಾರನಿಗೆ ಲಾಭ ಇದೆ. ಮೂರನೆಯವರ ಗತಿ? ನನಗೆ ನಿಜವಾಗಿ ಚಿಂತೆ ಇರೋದು ಇವರದ್ದೇ.

ಬೆಂಗಳೂರಿನಲ್ಲಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಪೊಲೀಸ್ ಠಾಣೆಗೆ ಬರುತ್ತಿರೋ ಒಂದು ಬಗೆಯ ದೂರು ಇದೆ. ಮನೆಗಳನ್ನು ನಾವು ನೋಡಿಕೊಳ್ತೀವಿ ಅಂತ ಒಬ್ಬ ಮಧ್ಯವರ್ತಿ ಬರ್ತಾನೆ. ಓನರಿನಿಂದ ಫ್ಲ್ಯಾಟನ್ನು ತಿಂಗಳ ಬಾಡಿಗೆಗೆ ಹಿಡೀತಾನೆ. ಅದೇ ಫ್ಲ್ಯಾಟನ್ನು ಒಂದು ಕುಟುಂಬಕ್ಕೆ ‘ಲೀಸ್’ಗೆ ಕೊಡ್ತಾನೆ. ಬೆಂಗಳೂರಿನ ಆಡುಮಾತಿನಲ್ಲಿ ಲೀಸ್ ಅಂದರೆ ಭೋಗ್ಯ: ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಡಿ, ಬಾಡಿಗೆ ಬೇಡ, ಬಿಡುವಾಗ ದುಡ್ಡು ವಾಪಸ್. ಕುಟುಂಬ ಊರಿನ ಸೈಟು ಮಾರಿಯೋ ಪಿಎಫ್ ತೆಗೆದೋ ದುಡ್ಡು ಹೊಂದಿಸುತ್ತೆ. ಮಧ್ಯವರ್ತಿ ಕೆಲವು ತಿಂಗಳು ಓನರಿಗೆ ಬಾಡಿಗೆ ಕಟ್ಟಿ, ಆಮೇಲೆ ನಾಪತ್ತೆ. ಬಾಡಿಗೆ ಬರದ ಓನರ್ ಒಂದು ದಿನ ಬಾಗಿಲು ತಟ್ಟುತ್ತಾರೆ. ನೀವು ಯಾರು ಅಂತ ಓನರ್ ಕೇಳ್ತಾರೆ. ನೀವು ಯಾರು ಅಂತ ಒಳಗಿದ್ದವರೂ ಕೇಳ್ತಾರೆ. ಇಬ್ಬರೂ ಮೋಸ ಹೋದವರೇ.

ಇಲ್ಲಿ ಕಾನೂನು ಕುಟುಂಬದ ಪರ ನಿಲ್ಲೋದು ಕಷ್ಟ. ತನ್ನ ಕೈಯಲ್ಲಿ ಇಲ್ಲದ ಹಕ್ಕನ್ನು ಯಾರೂ ಬೇರೆಯವರಿಗೆ ಕೊಡೋಕಾಗಲ್ಲ. ಮಧ್ಯವರ್ತಿಯ ಹತ್ತಿರ ಇದ್ದಿದ್ದು ತಿಂಗಳ ಬಾಡಿಗೆಗೆ ಇರೋ ಹಕ್ಕು. ಕುಟುಂಬಕ್ಕೆ ದಾಟಿದ್ದೂ ಅಷ್ಟೇ. ಹದಿನೈದು ಲಕ್ಷದ ಕರಾರು ಅವನ ಜೊತೆ, ಓನರಿನ ಜೊತೆ ಅಲ್ಲ. ಅಸಲು ಲೀಸ್ ಮುಟ್ಟುಗೋಲಾದರೆ ಅದರ ಕೆಳಗಿನ ಒಳಲೀಸುಗಳೆಲ್ಲ ರದ್ದು ಅಂತ 115ನೇ ಸೆಕ್ಷನ್ ಹೇಳುತ್ತೆ. ಬಾಡಿಗೆದಾರ ತಾನಾಗಿ ಓನರಿಗೆ ಜಾಗ ಬಿಟ್ಟುಕೊಟ್ಟರೆ ಮಾತ್ರ ಒಳಬಾಡಿಗೆಯವನಿಗೆ ಸ್ವಲ್ಪ ರಕ್ಷಣೆ. ಅಷ್ಟೇ ಅಲ್ಲ, ಓನರ್ ಮೊದಲ ಬಾಡಿಗೆದಾರನ ಮೇಲೆ ಕೇಸು ಹಾಕುವಾಗ ಒಳಬಾಡಿಗೆಯವರನ್ನು ಪಾರ್ಟಿ ಮಾಡಲೇಬೇಕು ಅಂತಿಲ್ಲ, ಡಿಕ್ರಿ ಅವರಿಗೂ ತಗಲುತ್ತೆ ಅಂತ ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿಬಿಟ್ಟಿದೆ. ಕೋರ್ಟಿನಲ್ಲಿ ನಿಮ್ಮ ಮನೆ ಬಗ್ಗೆ ಕೇಸು ನಡೆದು ಮುಗಿದು, ನಿಮಗೆ ಸುದ್ದಿ ತಲುಪೋದು ಅಮೀನ ಬಂದಾಗ. ಮಧ್ಯವರ್ತಿ ಸಿಕ್ಕರೆ ಅವನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್, ಮೋಸದ ಕೇಸು, ಹಳೇ ಭಾಷೆಯಲ್ಲಿ 420. ಸಿಕ್ಕರೆ.

ಓನರ್ ಒಳಬಾಡಿಗೆಗೆ ಒಪ್ಪಿಗೆ ಕೊಟ್ಟಿದ್ದರೂ ಚಿತ್ರ ಪೂರ್ತಿ ಬದಲಾಗೋದಿಲ್ಲ. ಒಪ್ಪಿಗೆಯಿಂದ ಒಳಬಾಡಿಗೆ ಸಕ್ರಮ ಆಗುತ್ತೆ. ಮಧ್ಯವರ್ತಿ ತಗೊಂಡ ಲಕ್ಷಗಳನ್ನು ವಾಪಸ್ ಕೊಡೋ ಹೊಣೆ ಓನರಿನ ತಲೆ ಮೇಲೆ ತಾನಾಗಿ ಬರೋದಿಲ್ಲ. ಅವನ ಲೀಸ್ ಮುಗಿದ ದಿನ ನಿಮ್ಮದೂ ಮುಗಿಯುತ್ತೆ.

ನಮ್ಮ ಪಿಜಿ ಹುಡುಗಿಯದ್ದು ಇನ್ನೂ ಕೆಳಗಿನ ಮೆಟ್ಟಿಲು. ಅವಳು ಬಾಡಿಗೆದಾರಳೇ ಅಲ್ಲ. 1959ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ದೆಹಲಿಯ ಇಂಪೀರಿಯಲ್ ಹೋಟೆಲಿನಲ್ಲಿ ಕ್ಷೌರದ ಅಂಗಡಿ ಇಟ್ಟವರೊಬ್ಬರ ಕೇಸು ಬಂದಿತ್ತು. ಅಲ್ಲಿಂದ ಬಂದ ಅಳತೆಗೋಲನ್ನೇ ಇವತ್ತಿಗೂ ಬಳಸ್ತಾರೆ: ಪತ್ರಕ್ಕೆ ಏನು ಹೆಸರಿಟ್ಟಿದ್ದಾರೆ ಅನ್ನೋದಕ್ಕಿಂತ ಒಳಗಿನ ಸತ್ವ ನೋಡಿ, ಜಾಗದ ಪೂರ್ತಿ ಸ್ವಾಧೀನ ಯಾರಿಗಿದೆ ನೋಡಿ. ಪಿಜಿಯಲ್ಲಿ ಮಂಚ ಬದಲಾಯಿಸೋದು ಅವರು, ಗೇಟು ಹಾಕೋದು ಅವರು, ರೂಮಿಗೆ ಇನ್ನೊಬ್ಬಳನ್ನು ಸೇರಿಸೋದೂ ಅವರೇ. ಹಾಗಾಗಿ ಅವಳಿಗೆ ಇರೋದು ಬರೀ ಪರವಾನಗಿ, ಅಂದರೆ ಲೈಸೆನ್ಸ್. ಟಿ.ಪಿ. ಆಕ್ಟ್ 1882ರ 4ನೇ ಕಾಯ್ದೆ, ಲೈಸೆನ್ಸ್ ಬಗ್ಗೆ ಹೇಳೋ ಈಸ್‌ಮೆಂಟ್ಸ್ ಆಕ್ಟ್ ಅದೇ ವರ್ಷದ 5ನೇ ಕಾಯ್ದೆ. ಪಿಜಿ ನಡೆಸುವವನು ನಾಲ್ಕರಲ್ಲಿ ನಿಂತಿದ್ದಾನೆ, ಹುಡುಗಿ ಐದರಲ್ಲಿ. 15 ದಿನದ ನೋಟಿಸ್ ಅವನಿಗುಂಟು. ಅವಳಿಗೆ ಸಾಮಾನು ತೆಗೆದುಕೊಂಡು ಹೋಗಲು ‘ಸಮಂಜಸವಾದ ಸಮಯ’ ಮಾತ್ರ. ಅದು ಎರಡು ದಿನವೋ ಎರಡು ಗಂಟೆಯೋ, ಕಾಯ್ದೆ ಬಿಡಿಸಿ ಹೇಳಿಲ್ಲ.

2024ರಲ್ಲಿ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂದಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ಸಿಸಿಟಿವಿ, ತಲೆಗೆ ಇಷ್ಟು ನೀರು, ಆಹಾರದ ಲೈಸೆನ್ಸ್. ಒಳ್ಳೇದೇ. ಆದರೆ ಕಟ್ಟಡ ಯಾರದ್ದು, ಪಿಜಿ ನಡೆಸುವವರ ಲೀಸ್ ಯಾವ ತಾರೀಖಿಗೆ ಮುಗಿಯುತ್ತೆ, ಒಳಬಾಡಿಗೆಗೆ ಓನರ್ ಒಪ್ಪಿಗೆ ಇದೆಯಾ, ಇಷ್ಟನ್ನು ಗೇಟಿನ ಪಕ್ಕ ಒಂದು ಹಾಳೆಯಲ್ಲಿ ಬರೆದು ಅಂಟಿಸಿದರೆ ಸಿಸಿಟಿವಿಗಿಂತ ಹೆಚ್ಚು ಉಪಯೋಗ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಒಳಬಾಡಿಗೆ ಕೊಡಬೇಕಾದರೆ ಅಸಲು ಕರಾರಿಗೆ ಪೂರಕವಾಗಿ ಇನ್ನೊಂದು ಲಿಖಿತ ಕರಾರು ಆಗಬೇಕು, ಓನರ್ ಅದರಲ್ಲಿ ಇರಬೇಕು. ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೂಡದು. ಬಾಡಿಗೆ ಎಷ್ಟೇ ಇರಲಿ, 3,500ರಂಥ ಗೆರೆ ಇಲ್ಲ. ಹಳೇ ಬಾಡಿಗೆದಾರರನ್ನು ಬಿಡಿಸೋದು ಸುಲಭ ಆಗುತ್ತೆ ಅನ್ನೋ ಆಕ್ಷೇಪ ಇದೆ, ಅದರಲ್ಲಿ ಹುರುಳಿದೆ. ಆದರೂ ಮೂರನೆಯವರ ಹೆಸರು ಪೇಪರಿಗೆ ಬರುತ್ತಲ್ಲ, ಅಷ್ಟಾದರೂ ಲಾಭ. ಮಾದರಿ ಅಂದರೆ ಮಾದರಿ, ರಾಜ್ಯ ತನ್ನ ಶಾಸನಸಭೆಯಲ್ಲಿ ಕಾಯ್ದೆ ಮಾಡಿದರೆ ಮಾತ್ರ ಜೀವ ಬರೋದು.

ಅಲ್ಲಿಯವರೆಗೆ ಕಾಡುಗೋಡಿಯಲ್ಲಿ ಮನೆ ಹುಡುಕೋವರು ಬೋರ್ಡಿನ ನಂಬರಿಗೆ ಫೋನ್ ಮಾಡಿದಾಗ ಬಾಡಿಗೆ ಎಷ್ಟು ಅಂತ ಕೇಳೋದಕ್ಕೆ ಮುಂಚೆ, ಖಾತೆ ಯಾರ ಹೆಸರಿನಲ್ಲಿದೆ ಸಾರ್ ಅಂತ ಕೇಳಿ. ಖಾತೆದಾರರು ಬೇರೆಯವರಾದರೆ ಅವರ ಸಹಿ ಇರೋ ಒಪ್ಪಿಗೆ ಪತ್ರ ಕೇಳಿ, ಸಾಧ್ಯವಾದರೆ ಅವರನ್ನೇ ಒಮ್ಮೆ ಮಾತಾಡಿಸಿ. ಆ ಕಡೆಯವರು ಫೋನ್ ಇಟ್ಟುಬಿಟ್ಟರೆ ನಿಮ್ಮ ಅಡ್ವಾನ್ಸ್ ಉಳೀತು ಅಂದುಕೊಳ್ಳಿ.